ವಪೆ ಎಲ್ಲೈತಿ?

4 ಸೆಪ್ಟೆಂಬರ್ 2025, ಗುರುವಾರ. ಬೆಳಿಗ್ಗೆ, ಅಂಗಡಿ

ಮತ್ತೆ ಉಪ್ಪುನೀರು. ಗಳಗಳ ಅನ್ನಿಸುವಂತಿಲ್ಲ, ಅದೂ ಸದ್ದಂತೆ. ಬಾಯಲ್ಲಿಟ್ಟುಕೊಂಡು, ಸುಮ್ಮನೆ ಉಗುಳಬೇಕು. ಉಗುಳಿದೆ.

ಹಗರಿಬೊಮ್ಮನಹಳ್ಳಿಯ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ (ಯಾರೂ ಓದುವುದಿಲ್ಲ, ಆದರೂ): ಬೀಜ-ಗೊಬ್ಬರದ ವ್ಯಾಪಾರಿ, ಮೆಟಲ್ ಗಾಯಕ, ತಾಲೂಕಿನ ಏಕೈಕ ಅಧಿಕೃತ ಕಿಡಿಗೇಡಿ ಶ್ರೀ ಮರುಳಪ್ಪನವರು ಮೌನವ್ರತ ಧಾರಣೆ ಮಾಡಿರುತ್ತಾರೆ. ಭಕ್ತಿಯಿಂದಲ್ಲ. ದಾವಣಗೆರೆಯ ಗಂಟಲು ಡಾಕ್ಟರ ಭಯದಿಂದ. ದನಿಯ ಎಳೆಯ ಮೇಲೆ ರಕ್ತ ಕಟ್ಟಿದೆಯಂತೆ. ಮುಂದಿನ ಸಲ ನೋಡುವತನಕ ಮಾತಿಲ್ಲ. ಪಿಸುಮಾತೂ ಇಲ್ಲ. "ಇನ್ನೊಂದು ಸಲ ಹರಿದರೆ ಹಾಡೋದಿರಲಿ, ಮಾತಿಗೂ ನಾನು ಗ್ಯಾರಂಟಿ ಕೊಡಲ್ಲ" ಅಂದರು.

ಅಕ್ಟೋಬರ್ ಐದಕ್ಕೆ ಹುಬ್ಬಳ್ಳಿ. ನಮ್ಮ ಮೊದಲ ದೊಡ್ಡ ಶೋ. ಬ್ಯಾಂಡಿನ ಹೆಸರು 'ಸದ್ದಲೇ'. ಮೈಲಾರದ ಜಾತ್ರೆಯಲ್ಲಿ ಕಾರ್ಣಿಕ ನುಡಿಯುವ ಗೊರವಪ್ಪ ಬಿಲ್ಲೇರಿ ಹಾಗೆ ಕೂಗಿದರೆ ಅಷ್ಟೂ ಜನ ಗಪ್‌ಚುಪ್. ಹೆಸರಿಟ್ಟವನು ನಾನು. ಗಪ್‌ಚುಪ್ ಆದವನೂ ನಾನೇ. ನಗು ಬರುತ್ತದೆ... ನಗುವಂತಿಲ್ಲ.

7 ಸೆಪ್ಟೆಂಬರ್, ಭಾನುವಾರ

ಫೋನಿಗೆ ಹೊಸ ಆ್ಯಪ್. ನಾನು ಟೈಪ್ ಮಾಡಿದ್ದನ್ನು ಒಬ್ಬ ಹೆಂಗಸು ಓದುತ್ತಾಳೆ. ಒತ್ತಕ್ಷರ ಒಂದೂ ತಪ್ಪುವುದಿಲ್ಲ. ಆಕಾಶವಾಣಿಯ ವಾರ್ತೆಯಂತೆ.

ಚಿಗಟೇರಿಯಿಂದ ಒಬ್ಬ ಯಜಮಾನರು ಯೂರಿಯಾ ಕೇಳಿ ಬಂದರು. ಟೈಪ್ ಮಾಡಿದೆ. "ಪೂಜ್ಯರೇ, ಯೂರಿಯಾ ನಾಳೆ ಬರುತ್ತದೆ" ಅಂದಳು. ಯಜಮಾನರು ಕೌಂಟರಿನ ಹಿಂದೆ ಬಗ್ಗಿ ನೋಡಿದರು. "ಯಕ್ಕಾರ ಎಲ್ಲಿ ಕುಂತಾರಪ್ಪ?" ನಾನು ಭಕ್ತಿಯಿಂದ ಗೋಡೆಯ ದೇವರ ಫೋಟೊ ತೋರಿಸಿದೆ. ಕೈ ಮುಗಿದು ಹೋದರು. ಇಡೀ ವಾರದಲ್ಲಿ ಒಳ್ಳೆಯದು ಅಂತ ನಡೆದದ್ದು ಇದೊಂದೇ.

ಸಂಜೆ ಶೇಂಗಾ ಮಿಲ್ಲು. ಭಾನುವಾರ ಮಿಲ್ಲಿಗೆ ರಜೆ, ಅದೇ ನಮ್ಮ ಪ್ರಾಕ್ಟೀಸ್ ಜಾಗ. ಹುಲುಗೇಶ ಗಿಟಾರು, ಎರ್ರೆಪ್ಪ ಡ್ರಮ್ಮು, ನಾನು ಮೂಟೆಯ ಮೇಲೆ. 'ಮಲ್ಲಯ್ಯನ ನಾಯಿ' ಹಾಡು ತೆಗೆದರು. ದೇವರ ನಾಯಿಗಳಾಗಿ ಗೊರವರು ಬೊಗಳುವ ಹಾಗೆ ಮೂರು ಸಲ ಬೊಗಳಬೇಕು ನಾನು. ಆ ಜಾಗ ಬಂದಾಗ ಬರೀ ಡ್ರಮ್ಮು. ಹಲ್ಲು ಬಿದ್ದ ಸಂದಿನ ಹಾಗೆ ಖಾಲಿ.

ಹುಲುಗೇಶ ನನ್ನ ಮುಖ ನೋಡಲಿಲ್ಲ. ಒಂದನೇ ಕ್ಲಾಸಿನಿಂದ ಜೊತೆಗಿರುವವನು.

9 ಸೆಪ್ಟೆಂಬರ್, ಮಂಗಳವಾರ

ಹುಲುಗೇಶ ಅಂಗಡಿಗೆ ಬಂದು ಪ್ರವಚನ ಕೊಟ್ಟ. ವಿಷಯ: ಸುವೊಹೌಟಾ.

ಫಿನ್‌ಲ್ಯಾಂಡಿನ ಬ್ಯಾಂಡ್ ಅದು. ಎರ್ರೆಪ್ಪನ ಬಾಯಲ್ಲಿ 'ಸುಮ್ನ ಹಟ'. ಅದರಿಂದಲೇ ನಾವು ಹುಟ್ಟಿದ್ದು. ಅಲ್ಲಿಯ ನಾಲ್ಕು ಹುಡುಗರು, ಆಲೂಗಡ್ಡೆ ಇಡುವ ನೆಲಮಾಳಿಗೆ, ಅವರ ಅಜ್ಜಿಯರ ಕಥೆಗಳು. ಜವುಗಿನಲ್ಲಿ ಮುಳುಗಿದವರ ದನಿಯನ್ನು ಮೀನು ನುಂಗುತ್ತದೆ ಅನ್ನುವಂಥವು. ಮೊದಲ ಆಲ್ಬಮ್ಮಿನಲ್ಲಿ ಬರೀ ಗರ್ಜನೆ. ಹಾಡುವವನು ಇಲ್ಪೊ. ಅವನನ್ನು ಕೇಳಿದ ದಿನವೇ, ನಮ್ಮ ಗೊರವರು ಇದನ್ನೇ ಅಲ್ಲವಾ ಮಾಡೋದು ಅಂತ ನಾನು ಕುಣಿದದ್ದು. ಎರಡನೆಯದರಲ್ಲಿ ಅವರು ತಮ್ಮ ಊರಿನ ತಂತಿವಾದ್ಯ ತಂದರು. ನಾವು ಚೌಡಿಕೆ ತಂದೆವು. ಮೂರನೆಯದರಲ್ಲಿ ಅವರು...

"ಮೂರನೇದ್ರಾಗ ಹುಡುಗಿನ್ನ ತಂದ್ರಲೇ ಮರುಳ್ಯಾ. ಇಲ್ಪೊನ ಗಂಟ್ಲ ಹೋಗಿತ್ತು. ಅಲ್ಲಿಂದಾನ ಬ್ಯಾಂಡ್ ಬೆಳೀತು. ಬೆಳವಣಿಗಿ ಅಂದ್ರ ಹಂಗ."

ಟೈಪ್ ಮಾಡಿದೆ. "ಯಾವ ಹುಡುಗಿ?" ಅಂದಳು ಆ ಹೆಂಗಸು, ತಣ್ಣಗೆ.

"ಸಮತಾ ಅಂತ. ಆಸ್ಪತ್ರಿ ಲ್ಯಾಬಿನ್ಯಾಗ ಅದಾಳ. ಬುದ್ಧ ಜಯಂತಿ ಪ್ರೋಗ್ರಾಮಿನ್ಯಾಗ ಹಾಡಿದ್ಲಲ್ಲ, ಆಕಿ. ಹುಬ್ಬಳ್ಳಿಗಷ್ಟ. ನಿನ್ನ ಜಾಗ ನಿಂದ ಐತಿ."

ಜಗತ್ತಿನಲ್ಲಿ ಯಾರ ಜಾಗವೂ ಹೋಗುವ ಮುಂಚೆ ಹೀಗೊಂದು ಮಾತು ಬರುತ್ತದೆ, 'ನಿನ್ನ ಜಾಗ ನಿಂದ ಐತಿ' ಅಂತ.

ಅವನು ಹೋದ ಮೇಲೆ ಇಲ್ಪೊನನ್ನು ಹುಡುಕಿದೆ. ಮೂರನೇ ಆಲ್ಬಮ್ಮಿನ ಫೋಟೊದಲ್ಲಿ ಅಂಚಿಗೆ ನಿಂತಿದ್ದಾನೆ, ಕೈಯಲ್ಲಿ ಗಿಲಕಿ. ನಾಲ್ಕನೆಯದರಲ್ಲಿ ಅರ್ಧ ಭುಜ. ಐದನೆಯದರಲ್ಲಿ ಇಲ್ಲ. ಸಂದರ್ಶನವೊಂದು ಸಿಕ್ಕಿತು. ಇಲ್ಪೊ ಈಗ ಏನು ಮಾಡ್ತಿದ್ದಾನೆ ಅಂತ ಕೇಳಿದ್ದಕ್ಕೆ ಗಿಟಾರಿನವನ ಉತ್ತರ: "ನಮ್ಮ ಸಂಗೀತ ಈಗ ಉಸಿರಾಡುತ್ತಿದೆ."

14 ಸೆಪ್ಟೆಂಬರ್, ಭಾನುವಾರ

ಸಮತಾ ಬಂದಳು. ಸ್ಕೂಟಿ, ಟಿಫಿನ್ ಡಬ್ಬಿ. ದ್ವೇಷಿಸಲು ಪೂರ್ಣ ಸಿದ್ಧತೆ ಮಾಡಿಕೊಂಡು ಹೋಗಿದ್ದೆ. ಅವಳು ಕೂರುವ ಸ್ಟೂಲಿನ ಒಂದು ಕಾಲು ಸಡಿಲ ಮಾಡಿಟ್ಟಿದ್ದೆ. ಎರ್ರೆಪ್ಪ ಕೂತು ಬಿದ್ದ.

ಅವಳಜ್ಜಿ ಪಕ್ಕೀರಮ್ಮನ ಬೀಸುವ ಪದದ ಧಾಟಿಯಲ್ಲಿ ಹಾಡಿದಳು. ಹುಲುಗೇಶ ಅದರ ಕೆಳಗೆ ಗಿಟಾರನ್ನು ನಿಧಾನ ಮಾಡಿದ. ಎರಡು ವರ್ಷದಲ್ಲಿ ಅವನು ಹಾಗೆ ನುಡಿಸಿದ್ದಿಲ್ಲ. ನನಗೆ ರೋಮಾಂಚನವಾಯಿತು. ನನ್ನ ಕೂದಲಿಗೂ ಸ್ವಾಮಿನಿಷ್ಠೆ ಇಲ್ಲ.

ಬೊಗಳುವ ಜಾಗ ಖಾಲಿ ಬಿಟ್ಟರು. ನನಗಾಗಿ. ಅಷ್ಟು ಉಳಿದಿದೆ.

17 ಸೆಪ್ಟೆಂಬರ್, ಬುಧವಾರ

ತಡೆಯಲಾಗಲಿಲ್ಲ. ಸಂಜೆ ರೈಲ್ವೆ ಗೇಟಿನಾಚೆ ಹೋದೆ. ಗೂಡ್ಸ್ ಗಾಡಿ ಬರುವತನಕ ಕಾದೆ. ಅದರ ಸದ್ದಿನಲ್ಲಿ ಬೊಗಳಿದೆ — ಒಂದೇ ಸಲ. ಇದೆಯೋ ಇಲ್ಲವೋ ಅಂತ ನೋಡಲಿಕ್ಕೆ.

ನನಗೇ ಕೇಳಿಸಲಿಲ್ಲ. ಗಾಡಿ ಜೋರಾಗಿತ್ತೋ, ನಾನೇ ಇರಲಿಲ್ಲವೋ.

ಕರ್ಚೀಫಿನಲ್ಲಿ ರಕ್ತ. ಸ್ವಲ್ಪವೇ. ಬಚ್ಚಲಲ್ಲಿ ತೊಳೆದು ಅವ್ವ ನೋಡುವ ಮುಂಚೆ ಒಣಹಾಕಿದೆ. ಡಾಕ್ಟರಿಗೆ ಹೇಳುವುದಿಲ್ಲ. ಹೇಳಿದರೆ ಹುಬ್ಬಳ್ಳಿ ಮುಗಿಯಿತು.

21 ಸೆಪ್ಟೆಂಬರ್, ಭಾನುವಾರ

ಇವತ್ತಿನದನ್ನು ಶಿಲೆಯಲ್ಲಿ ಕೆತ್ತಿಸಿ ನೀಲಗುಂದದ ಭೀಮೇಶ್ವರನ ಗುಡಿ ಮುಂದೆ ನಿಲ್ಲಿಸಬೇಕು. ಮೂರ್ಖತನಕ್ಕೆ ಶಾಸನ.

ಬೊಗಳೋದನ್ನ ತಾನೂ ಕಲೀತೀನಿ ಅಂದಳು ಸಮತಾ. "ಮರುಳಪ್ಪಗ ಅವತ್ತು ಆಗದಿದ್ರ ಹಾಡು ಕುಂಟಬಾರ್ದು." ನಾನು ಟೈಪ್ ಮಾಡುವ ಮುಂಚೆಯೇ ಹುಲುಗೇಶ ಇಲ್ಪೊನ ಪಾಠದ ವಿಡಿಯೊ ಹಾಕಿದ. ನಾನು ಕಲಿತದ್ದೂ ಅದರಲ್ಲೇ. ಅವನ ಮಾತು ಫಿನ್ನಿಶ್, ಕೆಳಗೆ ಯಂತ್ರದ ಕನ್ನಡ: 'ಧ್ವನಿಯನ್ನು ವಪೆಯಿಂದ ತಳ್ಳಿರಿ. ಗಂಟಲನ್ನು ಮುಟ್ಟಬೇಡಿ.'

ಎರಡು ವರ್ಷದ ಹಿಂದೆ ಈ 'ವಪೆ' ಏನು ಅಂತ ಸಭೆ ಸೇರಿತ್ತು. ಎರ್ರೆಪ್ಪನ ತೀರ್ಪು: "ಬಾಯಾಗ ಹಿಂದ ಜೋತಾಡತೈತಲ್ಲ, ಕಿರುನಾಲಗಿ, ಅದ ವಪಿ." ಗಂಟಲು ಮುಟ್ಟಬಾರದು, ಕಿರುನಾಲಗೆ ಮಾತ್ರ ಅಂತ ನಾನು ಸಭಾಧ್ಯಕ್ಷನ ಗತ್ತಿನಲ್ಲಿ ಒಪ್ಪಿಗೆ ಕೊಟ್ಟಿದ್ದೆ. ಅಂದಿನಿಂದ ಅಲ್ಲಿಂದಲೇ ತಳ್ಳಿದ್ದು. ದಿನಾ. ಉರಿದಷ್ಟೂ ಸರಿ ಅಂದುಕೊಂಡು.

ಸಮತಾ ವಿಡಿಯೊ ನಿಲ್ಲಿಸಿದಳು. "ನಿಮಗ ವಪಿ ಎಲ್ಲೈತಿ ಗೊತ್ತೈತಿಲ್ಲೋ?"

ಎರ್ರೆಪ್ಪ ಬಾಯಿ ತೆರೆದು ತೋರಿಸಿದ.

ಅವಳು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಂಗೈಯನ್ನು ಪಕ್ಕೆಲುಬಿನ ಕೆಳಗಿಟ್ಟುಕೊಂಡಳು. "ಇಲ್ಲಿ. ಉಸಿರಿನ ಚೀಲದ ಕೆಳಗ. ಹೈಸ್ಕೂಲ್ ವಿಜ್ಞಾನದಾಗ ಐತಲ್ರಿ, ಶ್ವಾಸಕೋಶದ ಪಾಠ."

ಆ ಪಾಠದ ದಿನ ನಾನು ಕ್ಲಾಸಿನ ಹೊರಗಿದ್ದೆ. ಯಾವ ಕಿತಾಪತಿಗೆ ಅಂತ ನೆನಪಿಲ್ಲ, ಅಷ್ಟು ಇವೆ.

ಹುಲುಗೇಶ ಗಿಟಾರಿನ ತಂತಿ ಒರೆಸುತ್ತಲೇ ಇದ್ದ. ಎರ್ರೆಪ್ಪ "ಲೇ ಮರುಳ್ಯಾ... ನಾ ಏನೋ ಅಂದೆ, ನೀ ನಂಬಿಬಿಟ್ಟಿ" ಅಂದ. ಅಳು ಬಂದಿತ್ತು ಅವನಿಗೆ. ನಾನು ಟೈಪ್ ಮಾಡಿದೆ. ಫೋನಿನ ಹೆಂಗಸು ಗಂಭೀರವಾಗಿ ಓದಿದಳು: "ಸಭೆ ಮುಕ್ತಾಯವಾಯಿತು."

ಹೊರಡುವಾಗ ಸಮತಾ ನನ್ನ ಕರ್ಚೀಫಿನ ಮೂಲೆ ನೋಡಿದಳು. ಕಲೆ ಪೂರ್ತಿ ಹೋಗಿರಲಿಲ್ಲ. "ರಕ್ತ ಬಂತಾ?"

"ಅದು ಎಲೆ-ಅಡಿಕೆ," ಎಂದಿತು ಫೋನು.

"ನಾ ದಿನಾ ರಕ್ತಾನ ನೋಡಾಕಿ, ಮರುಳಪ್ಪ. ಡಾಕ್ಟರ್‌ಗೆ ನೀ ಹೇಳ್ತಿಯೋ, ನಾ ಹುಲುಗೇಶಗ ಹೇಳ್ಲೋ?"

ಕೈ ಮುಗಿದೆ. ಈ ಸಲ ನಾಟಕವಿರಲಿಲ್ಲ. ಅವಳು "ಹುಬ್ಬಳ್ಳಿ ಮುಗಿಯೋ ತನಕ ಬಾಯಿ ಬಿಚ್ಚಬ್ಯಾಡ, ಆಣಿ ಮಾಡು" ಅಂದಳು. ಆಣೆ ಮಾಡಿದೆ. ಬಾಯಿಲ್ಲದವನ ಆಣೆ.

28 ಸೆಪ್ಟೆಂಬರ್, ಭಾನುವಾರ

ಅವಳು ಬೊಗಳಿದಳು. ಸರಿಯಾದ ಜಾಗದಿಂದ. ಮಿಲ್ಲಿನ ತಗಡು ನಡುಗಿತು, ಹೊರಗಿನ ಎರಡು ನಿಜನಾಯಿಗಳು ಉತ್ತರ ಕೊಟ್ಟವು. ಮುಗಿಸಿ, ಏನೂ ಆಗದವಳಂತೆ ನೀರು ಕುಡಿದಳು. ಎರಡು ವರ್ಷ ಪ್ರತಿ ಸಲವೂ ನಾನು ಆಮೇಲೆ ಕೆಮ್ಮುತ್ತಿದ್ದೆ. ಕೆಮ್ಮು ಬಂದರೇ ಗರ್ಜನೆ ಅಂದುಕೊಂಡಿದ್ದೆ.

ಹುಲುಗೇಶ ಹೊರಗೆ ಫೋನಿನಲ್ಲಿದ್ದ. ಹುಬ್ಬಳ್ಳಿಯವರ ಜೊತೆ. ಬಾಗಿಲ ಹಿಂದೆ ನಿಂತು ಕೇಳಿದೆ.

"ಹೌದ್ರಿ, ಸಿಂಗರ್ ಸಮತಾ. ಒಬ್ಬಾಕಿನ ರೀ. ಇನ್ನ ಮುಂದೂ ಆಕಿನ... ಮರುಳಪ್ಪ? ಅವ ನಮ್ಮ ಜೋಡಿ ಬರ್ತಾನ್ರಿ. ಹಂಗ."

ಹಂಗ.

ಅವ್ವ ಅರಿಶಿನದ ಹಾಲು ಮುಂದಿಟ್ಟು ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಯಾಕಪ್ಪ ಮಾರಿ ಹಿಂಗ ಮಾಡೀಯ? ಆ ನಾಯಿ ಹಾಡು ಬಿಟ್ರ ಬದುಕಾಕ ಆಗಂಗಿಲ್ಲೇನು?"

ಲೋಟ ಎತ್ತಿ ಹಾಲು ಕುಡಿದೆ. ಇಲ್ಪೊನ ಹಾಗೆ ಗಿಲಕಿ ಹಿಡಿದು ಅಂಚಿಗೆ ನಿಲ್ಲುವುದು, ಆಮೇಲೆ ಅರ್ಧ ಭುಜ.

5 ಅಕ್ಟೋಬರ್, ಭಾನುವಾರ. ಸಂಜೆ, ಹುಬ್ಬಳ್ಳಿ, ಸ್ಟೇಜಿನ ಹಿಂದೆ

ಗೊರವರ ಹಾಗೆ ಕರಿ ಕಂಬಳಿ ಹೊದ್ದು ಕೂತಿದ್ದೇನೆ. ಎಲ್ಲರೂ ಹೊದ್ದಿದ್ದಾರೆ. ನಿರೂಪಕನ ಹುಡುಗ ಬಂದು ಹೆಸರು ಕೇಳಿಕೊಂಡ. ಹುಲುಗೇಶ, ಎರ್ರೆಪ್ಪ, ಸಮತಾ. ನನ್ನ ಕಡೆ ತಿರುಗಿ, "ನೀವೇನ್ ಬಾರಸ್ತೀರಿ?"

ಹುಲುಗೇಶ ಶೂ ಲೇಸು ಕಟ್ಟಲು ಬಗ್ಗಿದ.

ಆಣೆ ಇದೆ. ಡಾಕ್ಟರ ಮಾತಿದೆ. ಎರಡೂ ಗೊತ್ತಿದೆ. ಆದರೆ ಈಗ ವಪೆ ಎಲ್ಲಿದೆ ಅಂತಲೂ ಗೊತ್ತಿದೆ.

10 ಅಕ್ಟೋಬರ್, ಶುಕ್ರವಾರ. ಮನೆ

ಬರೆದಿಡಬೇಕು. ಇಲ್ಲದಿದ್ದರೆ ಕನಸು ಅಂದುಕೊಳ್ಳುತ್ತೇನೆ.

ಕೊನೆಯ ಹಾಡು 'ಮಲ್ಲಯ್ಯನ ನಾಯಿ'. ಅಲ್ಲಿಯತನಕ ಎಲ್ಲ ಚೆನ್ನಾಗಿತ್ತು. ಎದುರಿನ ಜನಕ್ಕೆ ನಮ್ಮಲ್ಲಿ ಯಾರೋ ಒಬ್ಬರು ಕಡಿಮೆ ಅಂತ ಅನ್ನಿಸಲೇ ಇಲ್ಲ. ಅದೇ ತಡೆಯಲಾಗದ್ದು. ಬೊಗಳುವ ಜಾಗ ಬಂತು. ಸಮತಾ ಉಸಿರೆಳೆದುಕೊಂಡಳು. ನಾನು ಕತ್ತಲಿಂದ ಓಡಿ ಹುಲುಗೇಶನ ಮುಂದಿದ್ದ ಮೈಕು ಕಿತ್ತುಕೊಂಡೆ.

ಬಂತು. ಮೊದಲ ಸಲ, ಕೆಳಗಿನಿಂದ. ಗಂಟಲಿಗೆ ಸುದ್ದಿಯೇ ಇರಲಿಲ್ಲ. ಕಟ್ಟಿದ ನಾಯಿಯ ಸರಪಳಿ ಬಿಚ್ಚಿದ ಹಾಗೆ. ಇದಾ? ಇಷ್ಟು ಸಲೀಸಾ? — ಅಂದುಕೊಂಡೆ. ಎರಡನೆಯದೂ ಬಂತು. ಹುಲುಗೇಶ ನುಡಿಸುತ್ತಲೇ ನನ್ನ ಕಡೆ ನೋಡಿ ಹಲ್ಲು ಕಿರಿದ, ಹಳೆಯ ಹುಲುಗ್ಯಾನ ಹಾಗೆ. ಮೂರನೆಯದಕ್ಕೆ ಹಳೇ ಬನಿಯನ್ ಹರಿದಂತೆ ಒಳಗೇನೋ ಹರಿಯಿತು. ಮೊದಲೇ ಹರಿದಿದ್ದ ಜಾಗ.

ಜನ ಸಿಳ್ಳೆ ಹೊಡೆದರು. ಬಾಯಿಂದ ಇಳಿದದ್ದು ಬಣ್ಣ ಅಂದುಕೊಂಡರು. ಸಮತಾ ಒಬ್ಬಳಿಗೇ ಗೊತ್ತಾಯಿತು. ಹಾಡು ನಿಲ್ಲಿಸದೆ ನನ್ನ ಮುಂದೆ ಬಂದು ಅಡ್ಡ ನಿಂತಳು, ಯಾರಿಗೂ ಕಾಣದ ಹಾಗೆ. ನಾನು ಸ್ಪೀಕರಿನ ಹಿಂದೆ ಕೂತೆ.

ರಾತ್ರಿಯೇ ದಾವಣಗೆರೆ. ಮರುದಿನ ಆಪರೇಶನ್. ಡಾಕ್ಟರು ಬೈಯಲಿಲ್ಲ. ಅದಕ್ಕೇ ಹೆದರಿಕೆ.

ಶೋ ವಿಡಿಯೊಗೆ ಯಾರೋ ಕಾಮೆಂಟ್ ಹಾಕಿದ್ದಾರೆ: 'ಕೊನೇಲಿ ಬಂದ ಆ ಹುಚ್ಚ ಯಾರು ಗುರೂ?' ಸಾವಿರ ಲೈಕು.

23 ಅಕ್ಟೋಬರ್, ಗುರುವಾರ

ಇವತ್ತು ಮಾತಾಡಿ ನೋಡಬಹುದು ಅಂದಿದ್ದಾರೆ ಡಾಕ್ಟರು. ಮೆಲ್ಲಗೆ, ಒಂದು ಮಾತು.

ಹುಲುಗೇಶ, ಸಮತಾ ಬಂದರು. ಎರ್ರೆಪ್ಪ ಬರಲಿಲ್ಲ, ಧೈರ್ಯ ಸಾಲದಂತೆ. ಅವ್ವ ನನ್ನೆದುರು ಮಣೆ ಹಾಕಿಕೊಂಡು ಕೂತಳು. ಮೊದಲ ಮಾತಿಗೆ ಬಹಳ ತಯಾರಿ ಮಾಡಿಟ್ಟಿದ್ದೆ. ಫೋನಿನ ಆ ಹೆಂಗಸಿನ ಧಾಟಿಯಲ್ಲೇ "ವಾರ್ತೆಗಳು ಮುಕ್ತಾಯವಾದವು" ಅನ್ನಬೇಕೆಂದಿದ್ದೆ. ಎಲ್ಲರೂ ನಗಬೇಕು, ಹುಲುಗೇಶ ಬೆನ್ನಿಗೆ ಗುದ್ದಬೇಕು.

ಅವ್ವನ ಮುಖ ನೋಡಿದ ಮೇಲೆ ಅದೆಲ್ಲ ಹೋಯಿತು. 'ಅವ್ವಾ' ಅಂದರೆ ಸಾಕು ಅನ್ನಿಸಿತು.

ಅಂದೆ.

ಗಾಳಿ. ಸೈಕಲ್ ಟ್ಯೂಬಿನಿಂದ ಬರುವಂಥದ್ದು. ಅಷ್ಟೇ.

"ಹ್ಞೂನಪ್ಪ," ಅಂದಳು ಅವ್ವ ತಕ್ಷಣ. "ಕೇಳಿಸ್ತು. ಚಂದ ಕೇಳಿಸ್ತು."

ಸಮತಾ ನೆಲ ನೋಡಿದಳು. ಹುಲುಗೇಶ ರೆಕಾರ್ಡ್ ಮಾಡಲು ಫೋನು ಹಿಡಿದಿದ್ದ, ಆ ಕೈ ಇಳಿಸಲಿಲ್ಲ. "ಫ್ಯಾನಿನ ಸದ್ದಿತ್ತಲೇ ಮರುಳ್ಯಾ... ಅದಕ್ಕ ಬಂದಿಲ್ಲ ಅದು. ಇನ್ನೊಂದ ಸಲ ಅನ್ನು. ಒಂದ ಸಲ."

ಅವನೇ ಎದ್ದು ಹೋಗಿ ಫ್ಯಾನು ಆರಿಸಿದ. ರೆಕ್ಕೆ ನಿಲ್ಲುವತನಕ ಕಾದರು. ನಿಂತಿತು. ನಾನು ಕೈಯನ್ನು ಪಕ್ಕೆಲುಬಿನ ಕೆಳಗಿಟ್ಟುಕೊಂಡು ಉಸಿರೆಳೆದುಕೊಂಡೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.