ಲೈನಿಗೆ ಏನೂ ಆಗುವುದಿಲ್ಲ

ಮಾರ್ಚ್ 4, ಸಂಜೆ

ಮತ್ತೆ ಜೀಪು ತಡ. ಸೇನಾ ಕ್ಯಾಂಪಿನ ಗೇಟಿನಲ್ಲಿ ಮತ್ತೆ ಬ್ಯಾಗ್ ತಪಾಸಣೆ — ದಿನಾ ನೋಡುವ ಮುಖ, ಆದರೂ. ಮೊದಲು ಮಕ್ಕಳಿಗೆ ವ್ಯಾಕರಣ ಕಲಿಸುತ್ತಿದ್ದೆ. ಈಗ ದುಭಾಷಿ: ಪರದೇಶದ ಮೇಜರ್ ಹೇಳಿದ್ದನ್ನು ಜನಕ್ಕೆ, ಜನ ಹೇಳಿದ್ದನ್ನು ಮೇಜರ್‌ಗೆ. ಭಾವ ನನಗಿಟ್ಟ ಹೆಸರು "ಮೇಜರ್ ಬಾಯಿ".

ಇವತ್ತು ಲೈನಿನವರ ಜೊತೆ ಮೀಟಿಂಗ್. ಅಕ್ಕ-ಭಾವ ಇರುವ ಲೈನೇ. ತೈಲ ಕಂಪನಿ ಕಟ್ಟಿಸಿದ ಸಾಲುಮನೆಗಳು, ಒಬ್ಬರು ಸೀನಿದರೆ ಪಕ್ಕದ ಮನೆಗೆ ಕೇಳಬೇಕು. ಹಿತ್ತಲಿನಾಚೆ, ಕೂಗಳತೆಯಲ್ಲಿ, ತೈಲದ ದೊಡ್ಡ ಪೈಪು. ದಂಗೆಕೋರರು ಗುಡ್ಡ ಇಳಿಯುತ್ತಿದ್ದಾರೆ ಅಂತ ಸುದ್ದಿ. ಮನೆ ಬಿಡಬೇಕೋ, ಇರಬೇಕೋ — ಎಲ್ಲರ ಪ್ರಶ್ನೆ ಅದೊಂದೇ. ಮೇಜರ್ ಎದ್ದು ನಿಂತು, ಲೈನ್‌ಗೆ ಏನೂ ಆಗಲು ಬಿಡುವುದಿಲ್ಲ ಎಂದ. ಅವರ ಭಾಷೆಯಲ್ಲೂ ಲೈನ್, ನಮ್ಮಲ್ಲೂ ಲೈನ್. ಪದ ಹುಡುಕುವ ಕಷ್ಟವೇ ಇರಲಿಲ್ಲ.

"ಲೈನಿಗೆ ಏನೂ ಆಗೋಕೆ ನಾವು ಬಿಡಲ್ಲ" ಅಂದೆ, ಗಟ್ಟಿಯಾಗಿ.

ಚಪ್ಪಾಳೆ. ಅಕ್ಕ ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ಕಟ್ಟಿಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚಿದಳಂತೆ. ನನಗೂ ಸಮಾಧಾನ.

ಮಾರ್ಚ್ 6

ಆ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಸಂಜೆ ಜೀಪಿಗೆ ಸ್ಪೀಕರ್ ಕಟ್ಟಿ ಲೈನಿನ ಉದ್ದಕ್ಕೂ ಹಾಕಿಕೊಂಡು ಹೋಗುತ್ತಾರೆ. ನನ್ನ ದನಿ ನನಗೇ ಮುಜುಗರ. ಭಾವನಿಗೆ ಮಜಾ — "ಮನೆಯೊಳಗೂ ನೀನೇ, ಬೀದೀಲೂ ನೀನೇ. ಎಲ್ಲಿಗೆ ಹೋಗೋದಮ್ಮ ನಾನು?"

ಆಸ್ಪತ್ರೆಗೆ ಇನ್ನೂ ಕರೆಂಟಿಲ್ಲ. ತೈಲದ ಪಂಪ್‌ಹೌಸಿನ ದೀಪ ಒಂದು ದಿನವೂ ಆರಿಲ್ಲ. ಸೈನಿಕರು ಪೈಪಿನ ಹತ್ತಿರವೇ ನಿಂತಿರುತ್ತಾರೆ, ಮನೆಗಳ ಕಡೆ ಒಬ್ಬರೂ ಸುಳಿಯುವುದಿಲ್ಲ ಅಂದಳು ಅಕ್ಕ. ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ ಅಂತ ರೇಗಿಬಿಟ್ಟೆ.

ಮಾರ್ಚ್ 9, ಬಸ್ಸಿನಲ್ಲಿ

ಬಸ್ಸು ಕುಲುಕುತ್ತಿದೆ, ಅಕ್ಷರ ಸೊಟ್ಟ.

ಸೂಟಿನವನೊಬ್ಬ ಬಂದಿದ್ದ. ಯೂನಿಫಾರ್ಮ್ ಇಲ್ಲ, ಆದರೂ ಮೇಜರ್ ತಾನೇ ಎದ್ದು ಕುರ್ಚಿ ಬಿಟ್ಟುಕೊಟ್ಟ. ಪಂಪ್‌ಹೌಸ್ ಎಂಜಿನಿಯರ್‌ಗೆ ಹೇಳಲು ನಾನು. ದಿನಕ್ಕೆ ಎಷ್ಟು ಬ್ಯಾರೆಲ್, ಬಂದರಿನಲ್ಲಿ ಹಡಗು ಯಾಕೆ ಕಾಯುತ್ತಿದೆ — ಕೇಳಿದ್ದೆಲ್ಲ ಇಷ್ಟೇ. ಜನರ ಸುದ್ದಿಯೇ ಇಲ್ಲ. ಜನರನ್ನು ಉಳಿಸಲು ಬಂದಿದ್ದೇವೆ ಅಂತ ಮೊದಲ ದಿನ ನನ್ನ ಬಾಯಲ್ಲೇ ಹೇಳಿಸಿದ್ದರು.

ಎಂಜಿನಿಯರ್ ಹೋದ ಮೇಲೆ ಮೇಜರ್ ಶುರು ಮಾಡಿದ. ದಂಗೆಕೋರರಿಗೆ ಅಡಗಲು ಜಾಗ ಇರಬಾರದು, ಲೈನ್ ಪಕ್ಕದ ಕಟ್ಟಡಗಳು ನಾಳೆ ಬೆಳಿಗ್ಗೆ ನೆಲಸಮ. ವಿಮಾನ ಬರುತ್ತದೆ. ಯಾವ ಕಟ್ಟಡ ಅಂತ ಕೇಳಿದೆ. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟ. ಅಕ್ಕನ ಮನೆ.

"ಅದೇ ಲೈನು, ಸರ್. ಅದಕ್ಕೆ ಏನೂ ಆಗಲ್ಲ ಅಂದಿದ್ರಲ್ಲ."

"ಲೈನ್ ಅಂದ್ರೆ ಪೈಪ್‌ಲೈನ್. ನೀವು ಅವರಿಗೆ ಏನಂತ ಹೇಳಿದ್ರಿ?"

ಲೈನ್ ಅಂತಲೇ ಹೇಳಿದ್ದೆ.

ಜನಕ್ಕೆ ತಿಳಿಸೋಣ ಅಂದೆ. ಮೇಜರ್ ಸೂಟಿನವನ ಮುಖ ನೋಡಿದ. ಈಗಲೇ ತಿಳಿಸಿದರೆ ಸುದ್ದಿ ಗುಡ್ಡ ಹತ್ತುತ್ತದೆ, ಬೇಡ ಅಂದ ಸೂಟಿನವನು. ನನ್ನ ಫೋನ್ ತೆಗೆದಿಟ್ಟುಕೊಂಡರು. ಅಕ್ಕ ಅಲ್ಲಿರುವುದು ಅವರಿಗೆ ಗೊತ್ತಿಲ್ಲ, ನನ್ನನ್ನು ತಡೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗೇಟಿನವನು ಎಂದಿನಂತೆ ಬ್ಯಾಗ್ ನೋಡಿ ಬಿಟ್ಟ.

ಅದೇ ಸಂಜೆ, ಅಕ್ಕನ ಮೆಟ್ಟಿಲ ಮೇಲೆ

ಒಂದೊಂದೇ ಬಾಗಿಲು ಬಡಿದೆ. ಮೊದಲು ಯಾರೂ ನಂಬಲಿಲ್ಲ. ಅತ್ತು ಬೇಡಿಕೊಂಡ ಮೇಲೆ ಗಂಟುಮೂಟೆ ಹೊತ್ತು ಹೊರಬಂದರು. ಅಷ್ಟರಲ್ಲಿ ಜೀಪು ಬಂತು. ಡ್ರೈವರ್‌ಗೆ ಯಾರೂ ಏನೂ ಹೇಳಿಲ್ಲ — ದಿನದ ಡ್ಯೂಟಿ ಅವನದು.

ಲೈನಿಗೆ ಏನೂ ಆಗೋಕೆ ನಾವು ಬಿಡಲ್ಲ.

ನನ್ನದೇ ದನಿ. ಎಷ್ಟು ಧೈರ್ಯ ಅದರಲ್ಲಿ.

"ಯಾವುದನ್ನಮ್ಮ ನಂಬೋದು, ನಿನ್ನನ್ನೋ ಅದನ್ನೋ?" ಅಂದರು ಪಕ್ಕದ ಮನೆಯ ಅಜ್ಜ. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಅವರ ಹಿಂದೆಯೇ ಉಳಿದವರು. ಭಾವ ಹೊಸ್ತಿಲಲ್ಲೇ ನಿಂತಿದ್ದಾರೆ. ಅಕ್ಕ ಗಂಟು ಕೆಳಗಿಟ್ಟಿದ್ದಾಳೆ, ಬಿಚ್ಚಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ.

ಕೂಗಿ ಕೂಗಿ ಗಂಟಲು ಕಟ್ಟಿದೆ. ದನಿಯೇ ಹೊರಡುತ್ತಿಲ್ಲ. ಇನ್ನು ಬರೆದು ಬಾಗಿಲಿಗೆ ಅಂಟಿಸಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಈ ಸಲ ಮಾತು ತಪ್ಪಬಾರದು.

ಅವರು ಕಾಯುತ್ತಿರುವುದು ಪೈಪನ್ನು, ನಮ್ಮನ್ನಲ್ಲ. ಬೆಳಗಾಗುವುದರೊಳಗೆ ಎಲ್ಲರೂ ಲೈನ್ — ಅಲ್ಲ, ಆ ಪದ ಬೇಡ: ಮನೆ ಬಿಡಿ.