ಚೇಂಬರಿನ ತಳದಲ್ಲಿದ್ದ ಅರ್ಧಚಂದ್ರ

ಭಾನುವಾರ, ಊಟವಾದ ಮೇಲೆ

ಅತ್ತೆಯ ಮಗನಿಗೆ,

ಏನೆಂದು ಕರೆಯಬೇಕೆಂದು ಯೋಚಿಸುತ್ತಾ ಒಂದೆರಡು ಹಾಳೆ ಹರಿದು ಹಾಕಿದೆ. 'ಪ್ರಿಯ' ಎಂದು ಬರೆದರೆ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟುಬಿಟ್ಟಂತೆ. ಬರೀ ಹೆಸರು ಬರೆದರೆ ಬ್ಯಾಂಕಿನಿಂದ ಬಂದ ಕಾಗದದ ಹಾಗೆ ಕಾಣುತ್ತದೆ. ಮೇಲೆ ಬರೆದದ್ದಂತೂ ನಿಜ. ನೀನು, ನಾನು, ಅತ್ತೆ, ಮೂವರಲ್ಲಿ ಯಾರೂ ಅದನ್ನು ಅಲ್ಲಗಳೆಯಲಾರೆವು.

ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಕೋಪವಲ್ಲ. ಮನೆಗೆ ವಾಪಸ್ ಬರಲೇ ಎಂದು ಒಂದೇ ಸಾಲಿನಲ್ಲಿ ಕೇಳಿದ್ದೀಯ. ಅದರ ಕೆಳಗೆ ಒಂದು ಇಡೀ ಪ್ಯಾರಾ ಕಾರಿನದು: ಬಂದ ಮೇಲೆ ಮೊದಲ ಕೆಲಸ ಎಂಜಿನ್ ಮುಗಿಸುವುದು, ಅಷ್ಟರಲ್ಲಿ ನೀನು ಆ ಅರ್ಧಚಂದ್ರವನ್ನು ಇನ್ನೊಂದು ಸಲ ಹುಡುಕಿ ನೋಡು, ಸಿಕ್ಕರೂ ಸಿಗಬಹುದು. ಆ ಪ್ಯಾರಾ ಓದಿದಾಗ ಮೊದಲ ಸಾಲಿನ ಮೇಲಿದ್ದ ಸಂತೋಷ ಇಳಿದುಹೋಯಿತು. ನಾಲ್ಕು ವರ್ಷ ಬೇರೆ ಊರಿನಲ್ಲಿದ್ದರೂ ಅದೇ ಅರ್ಧಚಂದ್ರ. ಆದರೂ ಹುಡುಕಿದೆ. ಹುಡುಕಲು ಹೋದದ್ದು ಎಲ್ಲಿಗೋ ಹೋಗಿ ಮುಟ್ಟಿತು. ಅದನ್ನು ಹೇಳದೆ ನಿನ್ನ ಪ್ರಶ್ನೆಗೆ ಬರಲಾರೆ. ಎಂಜಿನ್ನಿನ ವಿಷಯ ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನಗೆ ಆ ದಿನ ಹೇಗೆ ನೆನಪಿದೆಯೋ ಗೊತ್ತಿಲ್ಲ. ನನಗೆ ನೆನಪಿರುವುದು ಇಷ್ಟು. ಕ್ಲಚ್ ಒತ್ತಿದಾಗಲೆಲ್ಲ ಕಾರು ಟಕ್ ಎನ್ನುತ್ತದೆಂದು ನೀನು ಎಂಜಿನ್ ಇಳಿಸಿ ಬಿಚ್ಚಿದ್ದೆ. ಬಿಚ್ಚಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದಾಗ, ಎಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕ್ ದಂಡ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಎರಡು ಅರ್ಧಚಂದ್ರದ ಬಿಲ್ಲೆಗಳಲ್ಲಿ ಒಂದು ಇರಲಿಲ್ಲ. ಹಿಂದಿನ ದಿನ ನಾನು ಶೆಡ್ ಗುಡಿಸಿದ್ದೆ. ಅಲ್ಲಿಗೆ ತೀರ್ಮಾನವಾಯಿತು. 'ನನ್ನ ಸಾಮಾನು ನಿನಗೆ ಕಸ' ಎಂದು ನೀನು ಅಂದದ್ದು ಆ ಬಿಲ್ಲೆಯಲ್ಲಿ ನಿಲ್ಲದೆ ನನ್ನ ಅಡುಗೆ, ನನ್ನ ಡ್ಯೂಟಿ, ನನ್ನ ತವರು ಎಲ್ಲಕ್ಕೂ ಹಬ್ಬಿತು. ಎಂಜಿನ್ ಮೇಲೆ ದುಪ್ಪಟಿ ಹೊದಿಸಿ ನೀನು ವರ್ಗ ಕೇಳಿಕೊಂಡು ಹೋದೆ.

ನಾನು ದಿನವಿಡೀ ಎಕ್ಸ್‌ರೇ ತೆಗೆಯುವವಳು. ಇಲ್ಲಿ ಬಿರುಕಿದೆ ಎಂದು ಮೊದಲೇ ಹೇಳಿಬಿಟ್ಟರೆ ಇಲ್ಲದ ಬಿರುಕೂ ಫಿಲ್ಮಿನಲ್ಲಿ ಕಾಣತೊಡಗುತ್ತದೆಂದು ಚೆನ್ನಾಗಿ ಗೊತ್ತು. ಆದರೂ ನೋಡು, ಗುಡಿಸಿದ್ದನ್ನು ನೆನೆದು ನೆನೆದು, ಕಸದ ಮೊರದಲ್ಲಿ ಏನೋ ಕಿಣ್ ಅಂದದ್ದು ನನಗೇ ಕೇಳಿಸತೊಡಗಿತು. ಮೊದಲ ವರ್ಷ ಸಣ್ಣದಾಗಿ ಕೇಳುತ್ತಿತ್ತು. ಆಮೇಲಾಮೇಲೆ ಸ್ಪಷ್ಟವಾಗಿಯೇ. ಅತ್ತೆ ಎಂದೂ ನನ್ನನ್ನು ಬಯ್ಯಲಿಲ್ಲ. 'ಹೋಗ್ಲಿ ಬಿಡೇ, ಎಲ್ರ ಕೈಯಲ್ಲೂ ಆಗುತ್ತೆ' ಅನ್ನುತ್ತಿದ್ದರು. ಬಯ್ದಿದ್ದರೆ ತಿರುಗಿ ಒಂದು ಮಾತು ಆಡಬಹುದಿತ್ತು.

ನಿನ್ನ ಪತ್ರ ಬಂದ ವಾರ ದುಪ್ಪಟಿ ತೆಗೆದೆ. ಗೋಡೆಯ ಬಿರುಕು, ಡಬ್ಬಿಗಳು, ಒಳಚರಂಡಿಯ ಜಾಲರಿ, ಎಲ್ಲ ಹುಡುಕಿಯಾಯಿತು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ಬೋರಲಾಗಿದ್ದ ಆಯಿಲ್ ಚೇಂಬರ್, ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಆ ತಗಡಿನ ಬೋಗುಣಿ. ಎತ್ತಿ ನೋಡಿ ಮೂಗು ಮುರಿದರು. 'ಏನೇ ಇದು, ತಳದಲ್ಲಿ ಇಷ್ಟು ದಪ್ಪ ಜಿಡ್ಡು ಕಟ್ಟಿದೆ. ಎಲ್ಲ ಬಿಚ್ಚಿ ಫಳಫಳ ಮಾಡಿದಾನೆ, ಇದನ್ನ ಮಾತ್ರ ಮುಟ್ಟಿಲ್ಲ.' ನಾನು ಅಂದೆ, ಅದನ್ನು ತೊಳೆಯುವುದು ಪಾತ್ರೆ ತೊಳೆದ ಹಾಗೇ ಅಲ್ಲವೇ, ಅದಕ್ಕೇ ಬಿಟ್ಟಿರಬೇಕು. ಅವರು ನಗಲಿಲ್ಲ. ಸೀಮೆಎಣ್ಣೆ ಸುರಿದು ನೆನೆಹಾಕಿ, ಸೀದ ಪಾತ್ರೆ ಕೆರೆಯುವ ಹಳೆಯ ಚಮಚ ತೆಗೆದುಕೊಂಡು ಕೂತರು. ಕರಿ ಅಂಟು ಪದರ ಪದರವಾಗಿ ಎದ್ದು ಬರುತ್ತಿತ್ತು. ತಳದ ಮೂಲೆಯಲ್ಲಿ ಚಮಚ ತಡೆಯಿತು. ಕಿಣ್ ಎಂದಿತು.

ನಿಜವಾದ ಸದ್ದು ಹೇಗಿತ್ತೆಂದು ಆಗ ಗೊತ್ತಾಯಿತು. ನಾನು ಕೇಳಿಸಿಕೊಳ್ಳುತ್ತಿದ್ದ ಸದ್ದಿನ ಹಾಗೆ ಇರಲೇ ಇಲ್ಲ.

ಅರ್ಧಚಂದ್ರ ಅಲ್ಲಿತ್ತು. ಒಂದು ಕಡೆ ಬ್ಲೇಡಿನಷ್ಟು ತೆಳ್ಳಗೆ ಸವೆದಿತ್ತು. ನೀನು ಎಂಜಿನ್ ಬಿಚ್ಚುವುದಕ್ಕೆ ಎಷ್ಟೋ ಮೊದಲೇ, ಓಡುತ್ತಿದ್ದಾಗಲೇ, ಅದು ಜಾಗ ಬಿಟ್ಟು ಕೆಳಗೆ ಬಿದ್ದಿತ್ತು. ಟಕ್ ಎನ್ನುತ್ತಿದ್ದದ್ದೇ ಅದಿಲ್ಲದ ಸದ್ದು. ನನ್ನ ಪೊರಕೆ ಅದನ್ನು ಮುಟ್ಟಿಯೇ ಇರಲಿಲ್ಲ.

ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಆಮೇಲೆ, 'ಇಷ್ಟು ವರ್ಷ ನಾನು ನಿನ್ನ ಕ್ಷಮಿಸ್ತಾ ಬಂದ್ನಲ್ಲೇ, ಅದನ್ನ ಈಗ ಏನ್ ಮಾಡ್ಲಿ?' ಎಂದರು. ಮಗ ಬರಲಿ, ಅವನಿಗೆ ಬೇಕಾಗಬಹುದು, ಇಟ್ಟುಕೊಂಡಿರಿ ಅಂದೆ. ಆಗ ನಕ್ಕರು. ನಾನು ನಗುತ್ತಾ ಶುರುಮಾಡಿ ಅಳುವಿನಲ್ಲಿ ಮುಗಿಸಿದೆ. ಇದನ್ನು ಬರೆಯಬಾರದೆಂದಿದ್ದೆ. ಇರಲಿ.

ಅಲ್ಲಿಗೆ ನಿಲ್ಲಿಸಿ ನಿನಗೊಂದು ಖಾರವಾದ ಕಾಗದ ಬರೆಯಬಹುದಿತ್ತು. ಆದರೆ ನಿನ್ನ ದಪ್ಪ ಕೈಪಿಡಿ ತೆಗೆದು ನೋಡಿದರೆ, ಆ ಬಿಲ್ಲೆ ಹೊಸದು ಯಾವಾಗಲೂ ಸಿಗುವ ವಸ್ತು. ಪಾರ್ಟ್ಸಿನವರಿಗೆ ಬರೆದರೆ ಅಂಚೆಯಲ್ಲಿ ಬರುತ್ತದೆ. ಅಂದಮೇಲೆ ಅದೊಂದಿಲ್ಲವೆಂದು ಎಂಜಿನ್ ಇಷ್ಟು ವರ್ಷ ದುಪ್ಪಟಿ ಹೊದ್ದು ಕೂತಿರಬೇಕಾಗಿರಲಿಲ್ಲ. ಮತ್ತೆ ಯಾಕೆ ಕೂತಿತು? ಅದನ್ನು ತಿಳಿಯಬೇಕೆನಿಸಿತು. ಹಟವೇ ಅನ್ನು, ಪರವಾಗಿಲ್ಲ. ಉಳಿದಿದ್ದ ರಜೆಗೆಲ್ಲ ಅರ್ಜಿ ಬರೆದುಕೊಟ್ಟೆ.

ಕ್ರ್ಯಾಂಕ್ ಕೂರುವ ಜಾಗವನ್ನು ಟಾರ್ಚ್ ಬಿಟ್ಟು ನೋಡಿದಾಗ, ಬಿಲ್ಲೆ ಇರಬೇಕಾದ ಮುಖ ಇಲಿ ಕಡಿದ ರೊಟ್ಟಿಯ ಅಂಚಿನ ಹಾಗಿತ್ತು. ಬಿಲ್ಲೆ ಬಿದ್ದಮೇಲೂ ಓಡಿಸಿದ್ದರಿಂದ ಕ್ರ್ಯಾಂಕ್ ನೇರವಾಗಿ ಎಂಜಿನ್ನಿನ ಮೈಯನ್ನೇ, ಬ್ಲಾಕನ್ನೇ, ತಿಂದಿತ್ತು. ಹೊಸ ಬಿಲ್ಲೆ ತಂದು ಹಾಕಿದರೂ ನಿಲ್ಲುತ್ತಿರಲಿಲ್ಲ. ಲೇತಿಗೆ ಒಯ್ಯುವ ಮೊದಲು ಆ ಭಾಗವನ್ನು ಥಿನ್ನರ್ ಹಚ್ಚಿ ನಾನೇ ಒರೆಸಿದೆ. ಅತ್ತೆ ಬಂದರು, ಅವರಿಗೆ ಮುಟ್ಟಲು ನಾನು ಬಿಡಲಿಲ್ಲ. ವಾಸನೆ ನಿಮಗಾಗದು ಅಂದೆ. 'ಸೀಮೆಎಣ್ಣೆ ಆಯ್ತು, ಇದಾಗಲ್ವಾ?' ಎಂದು ಗೊಣಗಿ ಹೋದರು.

ಲೇತ್ ಅಂಗಡಿಯವರು ಬಾಯಿಬಡುಕರು. ಬ್ಲಾಕ್ ನೋಡಿದ ಕೂಡಲೇ ಇದು ಗುಜರಿಗೇ ಸರಿ, ಬೇರೆ ತನ್ನಿ ಎಂದರು. ಅತ್ತೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. 'ಸರಿ ಮಾಡ್ಕೊಡಿ, ಕಾಯ್ತೀನಿ.' ಅಂಗಡಿಯವರು ಇನ್ನೊಮ್ಮೆ ಬಗ್ಗಿ ನೋಡಿ, ಮುಖ ಕಡೆದು ಸಮ ಮಾಡಿದರೆ ದಪ್ಪ ಬಿಲ್ಲೆ ಕೂರಿಸಬಹುದೇನೋ, ಗ್ಯಾರಂಟಿ ಇಲ್ಲ ಎಂದರು. ಆಮೇಲೆ ಕೇಳಿದರು: 'ಯಾರ್ರೀ ಓಡಿಸ್ತಿದ್ದದ್ದು? ಕ್ಲಚ್ ಮೇಲೆ ಸದಾ ಕಾಲಿಟ್ಕೊಂಡಿದ್ರೇ ಬಿಲ್ಲೆ ಹೀಗೆ ಸವೆಯೋದು, ಆ ಅಭ್ಯಾಸ ಇತ್ತಾ?'

ಅತ್ತೆ ನನಗಿಂತ ಮೊದಲು ಹೇಳಿದರು. 'ಮನೇಲೂ ಹಾಗೇ ಇರ್ತಿದ್ದ. ಕೂತಿದ್ರೂ ಎದ್ದು ಹೊರಟೋನ ಥರ.'

ನೀನು ನಗುತ್ತೀಯೋ ಬೇಸರಪಡುತ್ತೀಯೋ ಗೊತ್ತಿಲ್ಲ. ಪಕ್ಕದ ಸೀಟಿನಲ್ಲಿ ಅಷ್ಟು ವರ್ಷ ಕೂತವಳು ನಾನು. ನಿನ್ನ ಎಡಗಾಲು ಎಲ್ಲಿರುತ್ತಿತ್ತೆಂದು ನೋಡಿದ್ದೆ. ಅದು ತಪ್ಪೆಂದು ಮಾತ್ರ ಗೊತ್ತಿರಲಿಲ್ಲ.

ಜೋಡಿಸಿದ್ದು ಬೇಸರದ ಕೆಲಸ, ನನಗೆ ಹಿಡಿಸಿತು. ಒಂದು ಬೋಲ್ಟು ಬಿಗಿ ಮಾಡುವುದು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡುವುದು, ಇನ್ನೊಂದು ಬಿಗಿ ಮಾಡುವುದು. ನಿನ್ನ ಡಬ್ಬಿಗಳ ಮೇಲಿನ ಚೀಟಿಗಳು ತುಂಬ ಉಪಕಾರ ಮಾಡಿದವು. ಯಾವ ಪಿಸ್ಟನ್ ಯಾವ ಮನೆಗೆ, ಮುಖ ಯಾವ ಕಡೆ, ಎಲ್ಲ ನಿನ್ನ ಸಣ್ಣಕ್ಷರದಲ್ಲಿತ್ತು. ಹಾಳಾದ ಭಾಗಕ್ಕೆಲ್ಲ ಹಳದಿ ಪೇಂಟ್ ಪೆನ್ನಿನಿಂದ ಒಂದು ಸುತ್ತು ಹಾಕಿಡುವ ನಿನ್ನ ಪದ್ಧತಿಯೂ. ಏನೇನು ಬದಲಿಸಬೇಕೆಂದು ಅದನ್ನು ನೋಡಿಯೇ ಪಾರ್ಟ್ಸಿನವರಿಗೆ ಬರೆದೆ. ನೀನು ಒಳ್ಳೆಯ ಕೆಲಸಗಾರ. ಅದನ್ನು ನಾನು ಹಿಂದೆ ಹೇಳಿದ್ದೆನೋ ಇಲ್ಲವೋ ನೆನಪಾಗುತ್ತಿಲ್ಲ.

ಎಂಜಿನ್ ಒಳಗಿಳಿಸಿದ ದಿನ ಲೇತಿನವರು ಭಾರ ಎತ್ತುವ ಚೈನ್ ಬ್ಲಾಕ್ ಬಾಡಿಗೆಗೆ ತಂದು ತೊಲೆಗೆ ಕಟ್ಟಿಕೊಟ್ಟು ಹೋದರು. ಸರಪಳಿ ನಾನು ಎಳೆಯುವುದು, ಗೇರ್‌ಬಾಕ್ಸಿನ ತುದಿ ಹಿಡಿದು ದಾರಿ ತೋರಿಸುವುದು ಅತ್ತೆಯದು. ಇಬ್ಬರೂ ಎದುರುಬದುರು ನಿಂತಿದ್ದೆವು. ಅವರು ಎಡಕ್ಕೆ ಅನ್ನುತ್ತಾರೆ, ನಾನು ನನ್ನ ಎಡಕ್ಕೆ ತಳ್ಳುತ್ತೇನೆ, 'ಎಡ ಅಂದ್ರೆ ಎಡ ಕಣೇ, ಅಷ್ಟು ಓದಿದೀಯ' ಎಂದು ಅವರು ರೇಗುತ್ತಾರೆ. ಕೊನೆಗೆ ಎಡಬಲ ಬಿಟ್ಟು ಗೋಡೆ ಕಡೆ, ಬಾಗಿಲ ಕಡೆ ಎಂದು ಮಾಡಿಕೊಂಡೆವು. ಆಮೇಲೆ ಜಗಳವಿಲ್ಲದೆ ಇಳಿಯಿತು. ಅಂಥ ಒಂದು ಮಾತು ನಿನಗೂ ನನಗೂ ಹೊಳೆಯಬೇಕಾಗಿತ್ತು.

ಕೀ ತಿರುಗಿಸಿದರೆ ಬರೀ ಟಿಕ್ ಎಂದಿತು. ಬ್ಯಾಟರಿ ಹೊಸದು, ಸ್ಟಾರ್ಟರ್ ನೋಡಿ ಕೂರಿಸಿದ್ದು, ಆದರೂ ಟಿಕ್. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಕೈಪಿಡಿಯಲ್ಲಿ, ಎಂಜಿನ್ನಿನಿಂದ ಕಾರಿನ ಮೈಗೆ ಕರೆಂಟು ಹಾಯುವ ಒಂದು ಅರ್ತಿಂಗ್ ಪಟ್ಟಿ ಬರುತ್ತದೆ, ಅದು ಬರಿಯ ಕಬ್ಬಿಣವನ್ನು ಮುಟ್ಟಿರಬೇಕು ಎಂದು ಓದಿದೆ. ನಮ್ಮದು ಬಣ್ಣದ ಮೇಲೆ ಕೂತಿತ್ತು. ಹಳೆಯ ತುಕ್ಕೆಲ್ಲ ಉಜ್ಜಿ ಆ ಜಾಗಕ್ಕೆ ಎರಡು ಕೋಟ್ ಬಣ್ಣ ಬಳಿದದ್ದು ಅತ್ತೆ, ಚೆನ್ನಾಗಿ ಕಾಣಲಿ ಎಂದು. ಕೆರೆಯುವಾಗ ಅವರ ಮುಖ ನೋಡಬೇಕಿತ್ತು. 'ನಾನೇ ಬಳಿದದ್ದಲ್ವಾ, ಹೇಳು, ನಾನೇ ಅಂತ ಹೇಳು' ಎಂದರು. ಹೌದು, ನೀವೇ ಅಂದೆ. 'ಆಯ್ತು ಬಿಡು, ಕೆರಿ' ಎಂದರು. ಇಷ್ಟೇ. ಒಂದು ತಪ್ಪಾಗಿ, ಅದು ಯಾರದೆಂದು ತಿಳಿದು, ಆ ಸಂಜೆಯೇ ಅವರು ಎಂದಿನಂತೆ ಟೀ ಕೇಳಿದರು.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಯಿತು. ಹೊಗೆ ಶೆಡ್ ತುಂಬಿತು, ಪಕ್ಕದ ಮನೆಯಾಕೆ ಒಣಹಾಕಿದ್ದ ಬಟ್ಟೆ ತೆಗೆದುಕೊಂಡು ಓಡಿದಳು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಅತ್ತೆಯನ್ನು ಸೀಟಿನಲ್ಲಿ ಕೂರಿಸಿ ಕ್ಲಚ್ ಒತ್ತಲು ಹೇಳಿ, ನಾನು ಮುಂದೆ ನಿಂತು ಕ್ರ್ಯಾಂಕಿನ ತುದಿಯ ಪುಲ್ಲಿಯನ್ನೇ ನೋಡಿದೆ. ತಿರುಗುತ್ತಿತ್ತು, ಆದರೆ ಹಿಂದೆ ಮುಂದೆ ಸರಿಯಲಿಲ್ಲ. ಟಕ್ ಇಲ್ಲ.

ಈಗ ನಿನ್ನ ಪ್ರಶ್ನೆ. ಬಾ ಎಂದು ಬರೆಯಲು ಕೂತರೆ ಕೈ ನಿಲ್ಲುತ್ತದೆ. ಬರಬೇಡ ಎಂದು ಬರೆಯಲು ಹೋದರೂ ನಿಲ್ಲುತ್ತದೆ. ನೀನಿಲ್ಲದೆ ಮನೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಹಾಗಿದ್ದೂ ಶೆಡ್ಡಿನಲ್ಲಿ ಏನಾದರೊಂದು ಸರಿಯಾಗಿ ಕೂತಾಗಲೆಲ್ಲ ನಿನಗೆ ತೋರಿಸಬೇಕೆನಿಸುತ್ತಿತ್ತು. ಇದು ಪ್ರೀತಿಯೋ, ಗೆದ್ದೆನೆಂದು ತೋರಿಸಿಕೊಳ್ಳುವ ಆಸೆಯೋ, ನನಗೆ ಇನ್ನೂ ಬೇರೆ ಮಾಡಲಾಗುತ್ತಿಲ್ಲ.

ಆದ್ದರಿಂದ ಶನಿವಾರ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಅದೇ ಕಾರಿನಲ್ಲಿ. ಓಡಿಸುವುದು ನಾನು. ಇರುವುದು ಎರಡೇ ಸೀಟು, ಅತ್ತೆ ಮನೆಯಲ್ಲಿರುತ್ತಾರೆ. ಚಿಕ್ಕ ಬ್ಯಾಗು ತಾ. ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟರೆ ಜಾಗವಿಲ್ಲವೆಂದು ನಿನಗೆ ಗೊತ್ತೇ ಇದೆ.

ಇಂತಿ,
ನಿನ್ನ ಅಮ್ಮನ ಸೊಸೆ

ತಾ.ಕ.: ಬ್ಲಾಕಿನಲ್ಲಿ, ಕ್ರ್ಯಾಂಕ್ ತಿಂದಿದ್ದ ಆ ಮುಖದ ಸುತ್ತಲೂ ಹಳದಿ ಸುತ್ತು ಇತ್ತು. ಒಣಗಿ ಸಿಪ್ಪೆಯೆದ್ದ, ಹಳೆಯ ಸುತ್ತು. ನಾನು ಥಿನ್ನರ್ ಹಚ್ಚಿ ಒರೆಸಿದ್ದು ಅದನ್ನೇ. ಬಿಲ್ಲೆ ನನ್ನ ಪೊರಕೆಗೆ ಸಿಕ್ಕಿದ್ದಲ್ಲ, ಓಡುತ್ತಿದ್ದಾಗಲೇ ಬಿದ್ದದ್ದು ಎಂದು ಬಿಚ್ಚಿದ ದಿನವೇ ನಿನಗೆ ಗೊತ್ತಾಗಿತ್ತು. ಅತ್ತೆ ಆ ಸುತ್ತು ನೋಡಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ, ಅದು ನೀನು ಹೇಳಬೇಕಾದದ್ದು. ಸ್ಟೇಷನ್ನಿನಿಂದ ಮನೆಗೆ ದಾರಿ ಚಿಕ್ಕದು. ಸುತ್ತುಬಳಸಿ ಕರೆತರುತ್ತೇನೆ, ಅಷ್ಟರಲ್ಲಿ ಮಾತು ಕೂಡಿಸಿಕೋ. ಅತ್ತೆಗೆ ಹೇಳಿದೆಯೆಂದಾದರೆ ದೊಡ್ಡ ಬ್ಯಾಗು ಆಮೇಲೆ ಹೋಗಿ ತರೋಣ.