ನನ್ನ ಕಿವಿಗೆ ಯಾರ ಅಪ್ಪಣೆ?

ಮಾರ್ಚ್ 4, ಬೆಳಿಗ್ಗೆ
ಅಪ್ಪನಿಗೆ ಸೂಪು ಕುಡಿಸುತ್ತಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತು ಬರೀ ಉಸಿರು. ಏನೋ ಹೇಳಹೊರಟರು. ಅಷ್ಟರಲ್ಲಿ ನನ್ನ ಕಿವಿಯಂತ್ರದೊಳಗೆ ಒಬ್ಬಳು ಕಿರುಚಿದಳು: “ಅಭಿನಂದನೆ! ನಿಮಗೊಂದು ಕೂಪನ್!” ಫೋನಿನ ಜೊತೆಗೇ ಬಂದ ಆ್ಯಪ್. ಕೊಳ್ಳುವಾಗಲೇ ಒಳಗೆ ಬಿಡಾರ ಹೂಡಿದ್ದವು — ಅಂಗಡಿ, ಆಟ, ಸುದ್ದಿ. ಡಿಲೀಟ್ ಆಗುವುದಿಲ್ಲ. ಕಿವಿಯಂತ್ರಕ್ಕೆ ಗುಂಡಿಯಿಲ್ಲ, ಫೋನಿನಿಂದಲೇ ನಡೆಸಬೇಕು; ಫೋನಿನ ಸದ್ದೆಲ್ಲ ಅದರೊಳಗೇ ಬರುತ್ತದೆ. ಅಂದರೆ ಕಂಡಕಂಡವರು ಹೇಳದೆ ಕೇಳದೆ ನನ್ನ ಕಿವಿಯೊಳಗೆ ನುಗ್ಗಬಹುದು. ಥೂ.

ಮಾರ್ಚ್ 5
ಕಂಪ್ಯೂಟರ್ ರಿಪೇರಿ ಮಾಡುವ ಮೈದುನನಿಗೆ ಹೇಳಿದೆ.
“ರೂಟ್ ಮಾಡಿಬಿಡೋಣ ಅತ್ತಿಗೆ. ಫೋನಿನ ಬೀಗದ ಕೈ ನಮಗೇ ಸಿಗುತ್ತೆ. ಯಾವ ಆ್ಯಪ್ ಬೇಕಾದ್ರೂ ಕಿತ್ತು ಬಿಸಾಕಬಹುದು.”
“ತೊಂದರೆ ಏನಾದ್ರೂ...”
“ನಾನಿದ್ದೀನಲ್ಲ!”
ಸಂಜೆಗೆ ಎಲ್ಲ ಮಾಯ. ಎಂಥ ನೆಮ್ಮದಿ.

ಮಾರ್ಚ್ 27
ಕಿವಿಯಂತ್ರದ ಆ್ಯಪ್ ತೆರೆಯುತ್ತಿಲ್ಲ. ಮೊದಲು ಫೋನ್ ಅಪ್‌ಡೇಟ್ ಮಾಡಬೇಕಂತೆ. ಮಾಡಹೋದರೆ ಅರ್ಧಕ್ಕೆ ನಿಲ್ಲುತ್ತದೆ: “ಸಿಸ್ಟಮ್ ಬದಲಾಗಿದೆ, ಅಪ್‌ಡೇಟ್ ಸಾಧ್ಯವಿಲ್ಲ.” ಮತ್ತೆ ಒತ್ತಿದೆ. ಮತ್ತೆ ಅದೇ ರಾಗ. ಯಂತ್ರ ನಾನು ಕೆಲಸ ಮಾಡುವ ಪ್ರೆಸ್ಸಿನ ಸೆಟ್ಟಿಂಗಿನಲ್ಲೇ ಸಿಕ್ಕಿಕೊಂಡಿದೆ. ಕಾಗದ ಕತ್ತರಿಸುವ ಮಷೀನಿನ ಮುಂದೆ ನಿಂತವಳಿಗೆ ಅದು ಸರಿ, ಗದ್ದಲ ತಗ್ಗಿಸುತ್ತದೆ. ಮನೆಯಲ್ಲಿ ಅಪ್ಪನ ಪಿಸುಮಾತನ್ನೂ ನುಂಗಿಬಿಡುತ್ತದೆ. ಬರೀ ತುಟಿ ಕಾಣುತ್ತದೆ.
ನಮ್ಮ ಯಜಮಾನರನ್ನು ಕೇಳಿದೆ, ಅಪ್ಪ ಏನಂತಾರೆ?
“ಹಾಕು ಅಂತಾರೆ. ಇನ್ನೊಂದು ಸೌಟು ಹಾಕು.”
ಹಾಕಿದೆ.

ಮಾರ್ಚ್ 28
“ನಿನ್ನ ಬೀಗದ ಕೈಗೆ ಬೆಂಕಿ ಬೀಳ!” ಅಂದೆ. ಮೈದುನ ತಲೆ ಕೆರೆದುಕೊಂಡ.
“ಸಿಸ್ಟಮ್ ಮುಟ್ಟಿದ್ರೆ ಅಪ್‌ಡೇಟ್ ಕೂರಲ್ಲ ಅತ್ತಿಗೆ. ಮೊದಲಿನ ಹಾಗೇ ಮಾಡಿಕೊಡ್ತೀನಿ. ಆದ್ರೆ ಆ ಆ್ಯಪ್‌ಗಳೂ ವಾಪಸ್ ಬರ್ತವೆ.”
“ಇದು ಮೊದಲೇ ಗೊತ್ತಿತ್ತಾ?”
ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.
ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿಯ ಹುಡುಗಿ ಪರದೆ ನೋಡಿದಳು, ನನ್ನ ಮುಖ ನೋಡಲಿಲ್ಲ. “ರೂಟ್ ಮಾಡಿದ್ದೀರಿ ಮೇಡಂ. ವಾರಂಟಿ ಹೋಯ್ತು.”
“ನನ್ನ ಫೋನನ್ನ ನಾನು ಮುಟ್ಟಬಾರದಾ?”
“ಕಂಪನಿ ರೂಲ್ಸು.”
ಕೊಂಡವಳು ನಾನು. ಕಿವಿ ನನ್ನದು. ಅಪ್ಪಣೆ ಮಾತ್ರ ಅವರದು! ಬರುವಾಗ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಜೋರಾಗಿಯೇ ಬೈದೆನೇನೋ, ಜನ ತಿರುಗಿ ನೋಡಿದರು.

ಏಪ್ರಿಲ್ 2
ಕಿವಿ ಡಾಕ್ಟರು ಯಂತ್ರವನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು.
“ಫೋನಿಲ್ಲದೆ ಒಂದೇ ಸೆಟ್ಟಿಂಗ್ ಕೂರಿಸಬಹುದು. ಪ್ರೆಸ್ಸಿಂದಾ, ಮನೇದಾ?”
“ಮನೇದು.”
“ಮತ್ತೆ ಕೆಲಸ?”
“ನೋಡ್ಕೊಳ್ತೀನಿ.”
ಸಂಜೆ ಸೂಪು. ಇನ್ನೊಂದು ಸೌಟು ಎತ್ತಿದೆ. ಅಪ್ಪನ ತುಟಿ ಅಲ್ಲಾಡಿತು.
“ಸಾಕು.”
ಹಾಕು ಅಲ್ಲ. ಸಾಕು! ಇಷ್ಟು ದಿನ ಅವರು ಸಾಕು ಅಂದರೆ ನಾವು ತುರುಕಿದ್ದೇವೆ. ಇವರ ಮೇಲೆ ಹರಿಹಾಯ್ದೆ.
“ನಂಗೆ ಹಾಗೇ ಕೇಳಿಸ್ತು ಕಣೇ...” ಎರಡೂ ಕಿವಿ ನೆಟ್ಟಗಿರುವ ಮಹಾರಾಯರು!
ಅಪ್ಪ ಅರ್ಧ ಬಾಯಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಅತ್ತುಬಿಟ್ಟೆ.

ಏಪ್ರಿಲ್ 3, ಸಂಜೆ
ಮನೆಯ ಸೆಟ್ಟಿಂಗಿನಲ್ಲಿ ಪ್ರೆಸ್ಸಿನ ಸದ್ದು ತಲೆಗೆ ಸುತ್ತಿಗೆ ಬಡಿದಂತೆ. ಯಂತ್ರ ತೆಗೆದು ಜೇಬಿಗಿಟ್ಟೆ. ಫೋರ್‌ಮನ್ ನೋಡಿಬಿಟ್ಟರು. ಕಿವಿಯ ಹತ್ತಿರ ಬಂದು ಕೂಗಿದರು: “ಕೇಳಿಸದೆ ಬ್ಲೇಡ್ ಹತ್ರ ನಿಲ್ಲಬೇಡಿ!” ಹಾಳೆ ಮಡಚುವ ಮೇಜಿಗೆ ಕಳಿಸಿದರು. ವರ್ಷಗಟ್ಟಲೆ ನಾನು ಪಳಗಿಸಿದ ಮಷೀನು, ಈಗ ಬೇರೆಯವರ ಕೈಗೆ. ಮೈಯೆಲ್ಲ ಉರಿಯಿತು.
ಮೈದುನ ಬಂದಿದ್ದ. ಮುಖ ಸಪ್ಪೆ. “ಮೊದಲಿನ ಹಾಗೆ ಮಾಡಿಕೊಡ್ಲಾ ಅತ್ತಿಗೆ? ಎರಡೂ ಸೆಟ್ಟಿಂಗ್ ಸಿಗುತ್ತೆ.”
“ಆ ಕಿರುಚಾಟಾನೂ ಸಿಗುತ್ತೆ, ಅಲ್ವಾ?”
“ಹೂಂ.”
“ಬೇಡ.”
ಇವರಿಗೆ ಇದು ಹಟ. ಆಗಲಿ, ಹಟವೇ.
ನಾಳೆ ಪ್ರೆಸ್ಸಿನ ಮಾಲೀಕರ ಮುಂದೆಯೇ ನಿಲ್ಲುತ್ತೇನೆ. ಮಷೀನಿಗೆ ಎಚ್ಚರಿಕೆಯ ಕೆಂಪು ದೀಪ ಹಾಕಿಸಿ, ಕೇಳಿಸದಿದ್ದರೆ ಏನಂತೆ, ಕಾಣಿಸುತ್ತದಲ್ಲ ಎಂದು ಹೇಳು—
ಪಕ್ಕದ ಕೋಣೆ. ಅಪ್ಪ. ನನ್ನನ್ನೇ ಕರೆಯುತ್ತಿದ್ದಾರೆ. ನಡುವೆ ಬಾಗಿಲು ಮುಚ್ಚಿದೆ, ಆದರೂ ಕೇಳಿಸಿತು! ಹೊರಟೆ.